ಕಿವಿ ಮೇಸ್ತ್ರಿಯ ಒಂದು ಸೆಕೆಂಡು

ಇನ್ನೂ ಪೂರ್ತಿ ಬೆಳಗಾಗಿಲ್ಲ. ಬೀದಿದೀಪ ಆರಿಲ್ಲ, ಹಾಲಿನ ಗಾಡಿ ಬಂದಿಲ್ಲ, ಎದುರಿನ ಗ್ಯಾರೇಜಿನ ತಗಡಿನ ಬಾಗಿಲು ಮೇಲೇಳುವುದಕ್ಕೆ ಇನ್ನೂ ಹೊತ್ತಿದೆ. ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದು ಹಳೆಯ ಕ್ಯಾಮೆರಾದ ಮೇಲೆ ಬಾಗಿದ್ದಾರೆ, ಕೂಸು ಉಸಿರಾಡುತ್ತಿದೆಯೇ ಎಂದು ತೊಟ್ಟಿಲ ಮೇಲೆ ಬಾಗಿದವರ ಹಾಗೆ. ಗಂಡನ ಬೆರಳು ಗುಂಡಿಯ ಮೇಲಿದೆ. ಹೆಂಡತಿಯ ಕಿವಿ ಲೆನ್ಸಿನ ಪಕ್ಕದಲ್ಲಿದೆ.

“ಹೂಂ, ಒತ್ತಿ.”

ಟಕ್. ಜರ್ರ್… ಟಕ್.

“ಇದು ಸರಿಯಾಗಿದೆ. ಇನ್ನೊಂದ್ಸಲ.”

ಟಕ್. ಜರ್ರ್… ಟಕ್.

“ಊಹೂಂ. ಕೊನೇಲಿ ಬಿಕ್ಕಿತು.”

ಗಂಡನಿಗೆ ಇದು ಕೇಳಿಸಿಲ್ಲ. ಹೆಂಡತಿ ಮುಖವನ್ನು ದೀಪದ ಕಡೆ ತಿರುಗಿಸಿ, ತುಟಿ ಕಾಣುವ ಹಾಗೆ, ಅದೇ ಮಾತನ್ನು ಮತ್ತೆ ಹೇಳುತ್ತಾರೆ. ಗಂಡ ಕೇಳುತ್ತಾರೆ: “ಎಷ್ಟು ಬಿಕ್ಕಿತು?”

“ಅತ್ತು ಅತ್ತು ಮಲಗಿದ ಮಗು ನಿದ್ದೇಲೂ ಒಂದ್ಸಲ ಬಿಕ್ಕುತ್ತಲ್ಲ, ಅಷ್ಟು.”

ಅಷ್ಟು ಅಂದರೆ ಬಹಳ ಆಯಿತು. ಅವರು ನಿಟ್ಟುಸಿರು ಬಿಟ್ಟು ಲೆನ್ಸಿನ ಉಂಗುರಕ್ಕೆ ಮತ್ತೆ ಉಪಕರಣ ಹಚ್ಚುತ್ತಾರೆ.

ಹಳೆಯ ಕ್ಯಾಮೆರಾಗಳ ಹುಚ್ಚಿರುವ ಮಂದಿ ಇವರನ್ನು ಕಿವಿ ಮೇಸ್ತ್ರಿ ಎಂದು ಕರೆಯುತ್ತಾರೆ. ಅವರ ಕೈಗೆ ಬರುವವೆಲ್ಲ ಮೀಡಿಯಂ ಫಾರ್ಮ್ಯಾಟ್ ಎನ್ನುವ ಜಾತಿಯ ಕ್ಯಾಮೆರಾಗಳು. ಇಟ್ಟಿಗೆಯಷ್ಟು ಭಾರ, ಒಡೆಯನಿಗಿಂತ ಹೆಚ್ಚು ವಯಸ್ಸು. ಒಂದು ರೀಲಿಗೆ ಹನ್ನೆರಡೇ ಚಿತ್ರ, ಒಂದೊಂದೂ ಬಿಸ್ಕತ್ತಿನಗಲದ ಚೌಕ. ಕಣ್ಣಿಗೆ ಒತ್ತಿ ಹಿಡಿದು ಗುರಿಯಿಡುವ ಕ್ಯಾಮೆರಾ ಅಲ್ಲ ಇದು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನೊಳಗೆ ನೋಡಬೇಕು. ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ, ಲೋಕವೇ ಕೊಳದ ನೀರಿನಲ್ಲಿ ಕಂಡಂತೆ ತಣ್ಣಗೆ ಕಾಣುತ್ತದೆ. ತಲೆ ಬಗ್ಗಿಸದೆ ಯಾರ ಚಿತ್ರವನ್ನೂ ತೆಗೆಯಲು ಬಿಡದ ಕ್ಯಾಮೆರಾ ಅದು. ಮಾಡಿದವನ ಮನಸ್ಸಿನಲ್ಲಿ ಏನಿತ್ತೋ, ಮೇಲಿರುವವನೇ ಬಲ್ಲ.

ಲೆನ್ಸಿನ ಹೊಟ್ಟೆಯೊಳಗೆ ಹೂವಿನ ಎಸಳಿಗಿಂತ ತೆಳುವಾದ ಉಕ್ಕಿನ ಎಸಳುಗಳಿವೆ. ಗುಂಡಿ ಒತ್ತಿದರೆ ಅವು ಬಿಚ್ಚಿಕೊಳ್ಳುತ್ತವೆ, ಬೆಳಕು ಒಳಗೆ ಹೋಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತವೆ. ಕತ್ತಲ ಕೋಣೆಯಲ್ಲಿ ಚಿತ್ರ ತೆಗೆಯಬೇಕಾದರೆ ಎಸಳುಗಳು ಒಂದು ಸೆಕೆಂಡು ತೆರೆದೇ ಇರಬೇಕು. ಅಷ್ಟು ಹೊತ್ತು ಅವುಗಳನ್ನು ಹಿಡಿದಿಡುವುದು ಸಾಸಿವೆ ಗಾತ್ರದ ಹಲ್ಲಿನ ಚಕ್ರಗಳ ಒಂದು ಸಾಲು. ಜರ್ರ್ ಎನ್ನುವುದು ಆ ಚಕ್ರಗಳು. ಅವು ಜರ್ರ್ ಎಂದು ನುಣ್ಣಗೆ ಓಡಿದರೆ ಸೆಕೆಂಡು ಸರಿ. ನಡುವೆ ಬಿಕ್ಕಿದರೆ, ಇವತ್ತಲ್ಲ ನಾಳೆ, ಒಂದು ತಣ್ಣನೆಯ ಕೋಣೆಯಲ್ಲಿ ಅವು ನಿಂತುಬಿಡುತ್ತವೆ. ಎಸಳು ತೆರೆದದ್ದು ತೆರೆದೇ ಇರುತ್ತದೆ. ಬೆಳಕು ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿ ಚಿತ್ರವನ್ನು ತೊಳೆದುಬಿಡುತ್ತದೆ.

ಆ ಬಿಕ್ಕನ್ನು ಮೊದಲೇ ಕೇಳಿಸಿಕೊಳ್ಳುವುದು ಮೇಸ್ತ್ರಿಯ ವಿದ್ಯೆ. ಬೀದಿ ಎದ್ದರೆ ಅದು ಕೇಳಿಸುವುದಿಲ್ಲವೆಂದೇ ನಸುಕಿನ ಕೆಲಸ. ಕಲಿಸಿದವರು ಗಡಿಯಾರ ರಿಪೇರಿಯ ಸೋದರಮಾವ. “ತೆರೆಯೋ ಮೊದಲು ಕೇಳು ಅಂತಿದ್ದರು ಮಾವ,” ಎನ್ನುತ್ತಾರೆ. “ಬಾವಿಗೆ ಕಲ್ಲು ಹಾಕಿ ನೀರು ಎಷ್ಟು ಆಳದಲ್ಲಿದೆ ಅಂತ ಹೇಳೋದಿಲ್ವಾ, ಹಾಗೆ. ಯಂತ್ರ ಸುಳ್ಳು ಹೇಳೋದಿಲ್ಲ ಮಗಾ, ಕಿವಿ ಹೇಳುತ್ತೆ ಅಂತಲೂ ಅಂದಿದ್ದರು. ಆ ಮಾತು ನನಗೆ ಆಗ ಅರ್ಥವಾಗಿರಲಿಲ್ಲ.”

ಅಜ್ಜಿಯರ ಕಥೆಗಳಲ್ಲಿ ವರ ಕೊಡುವ ದೇವರು ಒಂದನ್ನು ಕೊಟ್ಟು ಇನ್ನೊಂದನ್ನು ಒತ್ತೆ ಇಟ್ಟುಕೊಳ್ಳುತ್ತಾನೆ. ಮೇಸ್ತ್ರಿಯ ಬದುಕಿನಲ್ಲಿಯೂ ಹಾಗೇ ಆಯಿತು. ಪ್ರಾಯದಲ್ಲಿ ಅವರ ಗೋಡೆಯ ಒಂದು ಮೊಳೆಯೂ ಖಾಲಿ ಇರುತ್ತಿರಲಿಲ್ಲವಂತೆ, ಎಲ್ಲದರಲ್ಲೂ ಕ್ಯಾಮೆರಾಗಳು ನೇತಾಡುತ್ತಿದ್ದವು. ಆಮೇಲೆ ಡಿಜಿಟಲ್ ಬಂತು. ಸ್ಟುಡಿಯೋದವರು ಹಳೆಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಎಸೆದರು. ಮೊಳೆಗಳು ಖಾಲಿಯಾದವು. ಮೇಸ್ತ್ರಿ ಬಟ್ಟೆ ಗಿರಣಿಯ ರಾತ್ರಿ ಪಾಳಿಗೆ ಸೇರಿದರು. ನೂರಾರು ಮಗ್ಗಗಳು ಒಂದೇ ಸೂರಿನ ಕೆಳಗೆ ಬಡಿದುಕೊಳ್ಳುವ ಗಿರಣಿ ಅದು. ಅಲ್ಲಿ ಮಾತು ಸನ್ನೆಯಲ್ಲಿ, ಊಟ ಸನ್ನೆಯಲ್ಲಿ, ಜಗಳವೂ ಸನ್ನೆಯಲ್ಲಿ. ಹನ್ನೊಂದು ವರ್ಷ ಮಗ್ಗಗಳು ಅವರ ಕಿವಿಯನ್ನು ಗೆದ್ದಲಿನ ಹಾಗೆ ಒಳಗೊಳಗೇ ತಿಂದವು.

ಗಿರಣಿ ಮುಚ್ಚಿತು. ಅಷ್ಟು ಹೊತ್ತಿಗೆ, ಯಾರೂ ಎಣಿಸದ ರೀತಿಯಲ್ಲಿ, ಹೊಸ ತಲೆಮಾರಿಗೆ ಹಳೆಯ ಕ್ಯಾಮೆರಾಗಳ ಮೇಲೆ ಪ್ರೀತಿ ಹುಟ್ಟಿತ್ತು. ತಾತನ ಬೀರುವಿನಿಂದ, ಗುಜರಿ ಅಂಗಡಿಯಿಂದ ಅವು ಮತ್ತೆ ಮೇಸ್ತ್ರಿಯ ಬಾಗಿಲಿಗೆ ಬಂದವು. ಕೆಲವರು ಹಿಂಬದಿಯ ಫಿಲಂ ಡಬ್ಬಿ ಕಳಚಿ ಅದೇ ಜಾಗಕ್ಕೆ ಡಿಜಿಟಲ್ ಡಬ್ಬಿ ಕೂಡಿಸಿಕೊಂಡು, ಅಜ್ಜನ ಕಣ್ಣಿನಲ್ಲಿ ಮೊಮ್ಮಗನ ಚಿತ್ರ ತೆಗೆಯತೊಡಗಿದರು. “ಕಿವಿ ಇದ್ದಾಗ ಕ್ಯಾಮೆರಾ ಇರಲಿಲ್ಲ, ಕ್ಯಾಮೆರಾ ಬಂದಾಗ ಕಿವಿ ಇರಲಿಲ್ಲ,” ಎಂದು ಮೇಸ್ತ್ರಿ ನಗುತ್ತಾರೆ. ನಗು ತುಟಿಯಿಂದಾಚೆ ಹೋಗುವುದಿಲ್ಲ.

ಆದರೆ ಕಿವಿ ಹೋಗಿದೆ ಎಂಬುದು ಅವರಿಗೆ ಗೊತ್ತಾದದ್ದು ತಡವಾಗಿ. ಜೋರು ಮಾತು ಕೇಳುತ್ತಿತ್ತು, ಬಾಗಿಲು ಬಡಿದರೆ ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ, ಹೇಳದೆ ಕೇಳದೆ ಮನೆ ಬಿಟ್ಟು ಹೋದವರಂತೆ, ಒಂದೊಂದೇ ಹೊರಟು ಹೋಗಿದ್ದವು. ಹೊಲಿಗೆಯಿಂದ ಟೈಲರಮ್ಮ ಎಂದೇ ಹೆಸರಾದ ಅವರ ಹೆಂಡತಿ ಹೇಳುತ್ತಾರೆ: “ಮೂರು ಸಲ ಕರೆದರೂ ಊಟಕ್ಕೆ ಬರ್ತಿರಲಿಲ್ಲ. ಬೇಡವಾದ್ದು ಕೇಳಿಸೋದಿಲ್ಲ, ಗಂಡಸರೆಲ್ಲ ಹಾಗೇ ಅಂದುಕೊಂಡೆ. ಕಿವುಡು ಅಂತ ಯಾರಿಗೆ ಹೊಳೀಬೇಕು?”

ಚಕ್ರಗಳ ಸದ್ದು ಮಂದವೆನಿಸಿದಾಗ ಮೇಸ್ತ್ರಿ ಕ್ಯಾಮೆರಾವನ್ನು ದವಡೆಗೆ ಒತ್ತಿ ಹಿಡಿಯುವ ಅಭ್ಯಾಸ ಮಾಡಿಕೊಂಡಿದ್ದರು. ಚಕ್ರಗಳ ಓಟ ಎಲುಬಿನ ಮೂಲಕ ಒಳಗೆ ಬರುತ್ತಿತ್ತು. ಕೋಣೆಯಲ್ಲಿ ಇರುವುದು ಒಂದೇ ಮೇಜು. ಹಳೆಯ ಬಾಗಿಲಿನ ಉದ್ದನೆಯ ಹಲಗೆಯನ್ನು ಕಿಟಕಿಯ ಕೆಳಗೆ ಹಾಸಿದ್ದಾರೆ. ಆ ತುದಿಯಲ್ಲಿ ಟೈಲರಮ್ಮನ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಈ ತುದಿಯಲ್ಲಿ ಮೇಸ್ತ್ರಿಯ ಇಕ್ಕಳ, ಸೂಜಿ, ಕ್ಯಾಮೆರಾ. ಹಲಗೆಗೆ ಮೊಣಕೈ ಊರಿ, ಕ್ಯಾಮೆರಾವನ್ನು ದವಡೆಗೊತ್ತಿ ಗುಂಡಿ ಒತ್ತಿದರೆ, ಗುಂಯ್ ಎಂಬ ನುಣುಪಾದ ನಡುಕ. “ಎಂಥ ಒಳ್ಳೆ ಓಟ ಅಂತ ಸಂತೋಷಪಟ್ಟುಕೊಂಡು ಮುಚ್ಚಿ ಕೊಟ್ಟೆ,” ಎನ್ನುತ್ತಾರೆ.

ಕೊಟ್ಟದ್ದು ಒಬ್ಬ ನರ್ಸಿಗೆ. ಎಲ್ಲರ ಬಾಯಲ್ಲಿ ಸಿಸ್ಟರ್. ಇನ್ನು ಔಷಧ ಬೇಡ, ನೋವು ಕಡಿಮೆಯಾದರೆ ಸಾಕು ಎನ್ನುವವರಿಗೆ ಎಂದೇ ಇರುವ ಆಸ್ಪತ್ರೆಯಲ್ಲಿ ಕೆಲಸ. ಅಲ್ಲಿಗೆ ಬಂದವರು ಮನೆಗೆ ಹಿಂತಿರುಗುವುದಿಲ್ಲ. ಬಿಡುವಿನ ಹೊತ್ತಿನಲ್ಲಿ ಸಿಸ್ಟರ್ ಆ ರೋಗಿಗಳ ಚಿತ್ರ ತೆಗೆಯುತ್ತಾರೆ. ಫ್ಲ್ಯಾಶ್ ಇಲ್ಲ, ಆ ಕಣ್ಣುಗಳು ಅದನ್ನು ತಾಳುವುದಿಲ್ಲ. ಕಿಟಕಿಯ ಬೆಳಕಷ್ಟೇ, ಅದಕ್ಕೆ ಒಂದು ಸೆಕೆಂಡು. ಮೊದಲು ಡಿಜಿಟಲ್ ಡಬ್ಬಿ ಹಾಕಿ ಒಂದೆರಡು, ಮನೆಯವರಿಗೆ ಅವತ್ತೇ ತೋರಿಸಲಿಕ್ಕೆ. ಆಮೇಲೆ ಫಿಲಂ, ಉಳಿಯಲಿಕ್ಕೆ.

ಮೇಸ್ತ್ರಿ ಸರಿಮಾಡಿ ಕೊಟ್ಟ ಕ್ಯಾಮೆರಾದಲ್ಲಿ ಅವರು ಒಬ್ಬ ಹೆಂಗಸಿನ ಚಿತ್ರ ತೆಗೆದರು. ಆಕೆ ಒಮ್ಮೆಯೂ ಫೋಟೋಗೆ ನಿಂತವಳಲ್ಲ. ಅವತ್ತು ಡಿಜಿಟಲ್ ಡಬ್ಬಿಯ ಬ್ಯಾಟರಿ ತೀರಿತ್ತು, ಫಿಲಂ ಒಂದೇ. ಚಳಿಯ ದಿನ. ಚಕ್ರಗಳು ನಿಂತವು. ಫಿಲಂ ತೊಳೆಯುವ ಹೊತ್ತಿಗೆ ಆಕೆ ಇರಲಿಲ್ಲ. ಸಿಸ್ಟರ್ ಬೈಯಲಿಲ್ಲ. “ಅಣ್ಣ, ಎಲ್ಲಾ ಬೆಳ್ಳಗೆ ಬಂದಿದೆ. ಇನ್ನೊಮ್ಮೆ ನೋಡ್ತೀರಾ?” ಎಂದು ಕ್ಯಾಮೆರಾ ಇಟ್ಟು ಹೋದರು.

ಮೇಸ್ತ್ರಿ ದವಡೆಗೆ ಒತ್ತಿ ನೋಡಿದರು. ಗುಂಯ್ ಎನ್ನುತ್ತಿದೆ, ನುಣ್ಣಗೆ, ಕೊಂಚವೂ ಬಿಕ್ಕದೆ. ಯಾಕೆ ಹೀಗಾಯಿತು ಎಂದು ಮತ್ತೆ ಮತ್ತೆ ಗುಂಡಿ ಒತ್ತುತ್ತಿರುವಾಗ, ಆ ತುದಿಯಲ್ಲಿ ಟೈಲರಮ್ಮ ನೂಲು ಬದಲಿಸಲು ಕಾಲು ನಿಲ್ಲಿಸಿದರು.

ಕ್ಯಾಮೆರಾ ಸುಮ್ಮನಾಯಿತು.

ಇಷ್ಟು ದಿನ ಹಲಗೆಯ ಮೂಲಕ, ಮೊಣಕೈಯ ಮೂಲಕ, ದವಡೆಗೆ ಬರುತ್ತಿದ್ದದ್ದು ಹೆಂಡತಿಯ ಹೊಲಿಗೆ ಯಂತ್ರ. ಚಕ್ರಗಳದ್ದು ಒಂದು ಚೂರೂ ಅಲ್ಲ. ಮೇಸ್ತ್ರಿ ಆ ತುದಿಯತ್ತ ನೋಡಿದರು. “ಆ ನೋಟದಲ್ಲೇ ಗೊತ್ತಾಯ್ತು,” ಎನ್ನುತ್ತಾರೆ ಟೈಲರಮ್ಮ. “ನನ್ನ ಯಂತ್ರ ಸುಳ್ಳು ಸಾಕ್ಷಿ ಹೇಳಿಬಿಟ್ಟಿತ್ತು. ಆ ತಾಯಿ ಮುಖ ಅಳಿಸಿದ್ದರಲ್ಲಿ ನನ್ನ ಕಾಲೂ ಇದೆ.”

ಆ ಫಿಲಮಿನ ತುಂಡು ಮೇಸ್ತ್ರಿಯ ಕಣ್ಣೆದುರಿನ ಮೊಳೆಯಲ್ಲಿ ಈಗಲೂ ತೂಗುತ್ತಿದೆ. ಇದ್ದಿಲಿನ ಹಾಗೆ ಕಪ್ಪು. ಫಿಲಮಿನಲ್ಲಿ ಕಪ್ಪಾದದ್ದೇ ಕಾಗದದಲ್ಲಿ ಬಿಳಿಯಾಗುವುದು. ದೀಪಕ್ಕೆ ಹಿಡಿದರೆ ಒಂದು ದಿಂಬಿನ ಅಂಚು ಕಾಣುತ್ತದೆ, ಅಷ್ಟೇ.

ಅಂದಿನಿಂದ ನಸುಕಿನಲ್ಲಿ ಹೊಲಿಗೆ ಯಂತ್ರ ಓಡುವುದಿಲ್ಲ. ಆ ಹೊತ್ತು ಟೈಲರಮ್ಮ ಗಂಡನ ಕಿವಿಯಾಗಿ ಕೂರುತ್ತಾರೆ. ಕಿವಿಗೆ ಹಾಕುವ ಯಂತ್ರ ತಂದು ನೋಡಿದ್ದಾಯಿತು. ಅದು ಫ್ಯಾನಿನ ಸದ್ದನ್ನೂ ಚಕ್ರದ ಸದ್ದನ್ನೂ ಒಂದೇ ಗಂಟು ಕಟ್ಟಿ ಕೊಡುತ್ತದೆ. ಉಳಿದಿರುವ ಅಷ್ಟಿಷ್ಟು ಕಿವಿಯೂ ಹೆಚ್ಚು ದಿನ ಇರದೆಂದು ಡಾಕ್ಟರು ಹೇಳಿದ್ದಾರೆ. ಟೈಲರಮ್ಮ ಕ್ಯಾಮೆರಾ ಕಲಿತವರಲ್ಲ. ಅವರಿಗೆ ಗೊತ್ತಿರುವುದು ಹೋಲಿಕೆ. “ನೂಲು ಗಂಟು ಬಿದ್ದ ಹಾಗಿದೆ,” “ಮುದುಕಿ ಮೆಟ್ಟಿಲು ಇಳಿದ ಹಾಗಿದೆ,” ಎನ್ನುತ್ತಾರೆ. ಮುದುಕಿ ಎಂದರೆ ಎಣ್ಣೆ ಅಂಟಾಗಿದೆ, ಗಂಟು ಎಂದರೆ ಹಲ್ಲು ಸವೆದಿದೆ ಎಂದು ಮೇಸ್ತ್ರಿ ತಿಳಿದುಕೊಳ್ಳುತ್ತಾರೆ. ಅದು ಅವರಿಬ್ಬರದೇ ಭಾಷೆ.

“ಒಂದೇ ಒಂದು ಬೇಜಾರು,” ಎಂದು ಟೈಲರಮ್ಮ ಸೇರಿಸುತ್ತಾರೆ. “ರಿಪೇರಿ ಆದಮೇಲೆ ಪರೀಕ್ಷೆಗೆ ಅಂತ ಯಂತ್ರದ ಮೇಲೆ ಬಾಗಿರೋ ನನ್ನ ಚಿತ್ರಾನೇ ತೆಗೀತಾರೆ. ಇಷ್ಟು ವರ್ಷದ ನನ್ನ ಬೆನ್ನು ಇವರ ಹತ್ರ ಇದೆ. ಮುಖ ಒಂದೂ ಇಲ್ಲ.”

ಇವತ್ತು ನಸುಕಿನಲ್ಲಿ ಬಿಕ್ಕಿದ್ದು ಅದೇ ಕ್ಯಾಮೆರಾ, ಸಿಸ್ಟರ್ ಅವರದ್ದು. ಬಿಸಿಲು ಏರುವ ಹೊತ್ತಿಗೆ ಅವರು ಡಿಜಿಟಲ್ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಕಣ್ಣ ಕೆಳಗೆ ರಾತ್ರಿ ಪಾಳಿಯ ಕಪ್ಪು. ಡಬ್ಬಿ ಜೋಡಿಸಿ, ಒಂದು ಸೆಕೆಂಡಿಗಿಟ್ಟು, ಕಿಟಕಿಯ ಪರದೆಯ ಚಿತ್ರವನ್ನು ಸಾಲಾಗಿ ತೆಗೆಯುತ್ತಾರೆ. ಡಬ್ಬಿಯ ಪುಟ್ಟ ಪರದೆಯ ಮೇಲೆ ಎಲ್ಲ ಒಂದೇ ಬೆಳಕಿನಲ್ಲಿ ಬರುತ್ತವೆ.

“ಸರಿಯಾಗಿದೆಯಲ್ಲ ಅಣ್ಣ! ಎಲ್ಲಾ ಒಂದೇ ಥರ.”

“ಆಗಿದ್ದನ್ನ ಅದು ತೋರಿಸ್ತಿದೆ ಸಿಸ್ಟರ್,” ಎಂದು ಮೇಸ್ತ್ರಿ ತಲೆಯಾಡಿಸುತ್ತಾರೆ. “ಆಗೋದನ್ನ ಇವಳು ಕೇಳಿದಾಳೆ. ಬಿಕ್ಕಿದೆ. ಹಲ್ಲು ಸವೆದಿದೆ, ಬೇರೆ ಚಕ್ರ ಎಲ್ಲೂ ಸಿಗೋದಿಲ್ಲ. ಈ ಕ್ಯಾಮೆರಾದ ಒಂದು ಸೆಕೆಂಡು ತೀರಿಹೋಯ್ತು ಅಂತಲೇ ತಿಳೀರಿ. ಇವತ್ತು ಕೊಡಲಾರೆ.”

ಸಿಸ್ಟರ್ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. “ಇವತ್ತೇ ಬೇಕು ಅಣ್ಣ. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬರು ಬಡಗಿ ಅಜ್ಜ ಇದಾರೆ. ನಾಳೆಗೆ ಇರ್ತಾರೋ ಇಲ್ವೋ. ಮಗಳು ಮೊಬೈಲಲ್ಲಿ ಬೇಕಾದಷ್ಟು ತೆಗೆದಿದಾಳೆ. ಅದರಲ್ಲೆಲ್ಲ ನಾನು ರೋಗಿ ಥರ ಕಾಣ್ತೀನಿ, ಬಡಗಿ ಥರ ಒಂದಾದರೂ ತೆಗಿ ಮಗಳೇ ಅಂತ ನನ್ನ ಕೈ ಹಿಡಿದು ಕೇಳಿದಾರೆ. ಕೈಯಲ್ಲಿ ಹಿಡಿಯೋ ಫೋಟೋ ಬೇಕಂತೆ. ಹೂಂ ಅಂದುಬಿಟ್ಟಿದೀನಿ.”

ಮೇಸ್ತ್ರಿ ಮೊಳೆಯಲ್ಲಿ ತೂಗುವ ಕಪ್ಪು ತುಂಡನ್ನು ನೋಡುತ್ತಾರೆ. ಆ ಆಸ್ಪತ್ರೆಯ ದಾರಿಯನ್ನು ಅಂದಿನಿಂದ ಅವರು ತುಳಿದವರಲ್ಲ, ಆ ಬೀದಿಗೆ ಹೋಗಬೇಕಾದರೂ ಸುತ್ತು ಬಳಸಿ ಹೋಗುತ್ತಾರೆ. ಅವರು ಕ್ಯಾಮೆರಾವನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

“ಚಕ್ರಗಳನ್ನ ಬಿಟ್ಟುಬಿಡೋಣ. ಒತ್ತಿ ಹಿಡಿದಷ್ಟು ಹೊತ್ತು ಎಸಳು ತೆರೆದಿರೋ ಹಾಗೆ ಇಡ್ತೀನಿ. ಕೈಯಲ್ಲೇ ಒಂದು ಸೆಕೆಂಡು ಹಿಡಿಯೋದು.”

“ಅದನ್ನ ಮಾಡಿ ನೋಡಿದೀನಿ ಅಣ್ಣ. ಅವರ ಮುಖ ನೋಡಿದರೆ ನನ್ನ ಕೈ ಅವಸರ ಮಾಡುತ್ತೆ.”

“ಎದುರಿಗೆ ಹೋಗೋ ಜೀವ ಇದ್ದರೆ ಯಾರ ಸೆಕೆಂಡಾದರೂ ಚಿಕ್ಕದಾಗುತ್ತೆ. ನಾನು ಬರ್ತೀನಿ.” ಹೇಳಿದ ಮೇಲೆ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ಆ ಕೈಗಳಿಗೆ ಒಂದು ಸೆಕೆಂಡು ಎಂದರೇನೆಂದು ಹೇಳಿಕೊಟ್ಟಿದ್ದ ಕಿವಿ ಈಗ ಇಲ್ಲ.

ಟೈಲರಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದಾರೆ. “ಒಬ್ಬರೇ ಹೋಗಿ ಏನು ಕಡಿದು ಗುಡ್ಡೆ ಹಾಕ್ತೀರಿ? ನಾನೂ ಬರ್ತೀನಿ. ನನ್ನ ಕಾಲಿಗೆ ಗೊತ್ತು.” ನಾಲ್ಕು ದಶಕ ಯಂತ್ರ ತುಳಿದ ಕಾಲು ಅದು. ನಿದ್ದೆಯಲ್ಲಿಯೂ ಅದರ ತಾಳ ತಪ್ಪುವುದಿಲ್ಲ. ಎರಡು ತುಳಿತಕ್ಕೆ ಒಂದು ಸೆಕೆಂಡು.

ಆಸ್ಪತ್ರೆಯ ಕೋಣೆಯಲ್ಲಿ ಸುಣ್ಣದ ಗೋಡೆ, ಉಕ್ಕಿನ ಮಂಚ, ಒಗೆದು ಒಗೆದು ಮೆತ್ತಗಾದ ಹೊದಿಕೆ. ಬಡಗಿ ಅಜ್ಜ ದಿಂಬಿಗೊರಗಿದ್ದಾರೆ. ಮಗಳು ತಂದುಕೊಟ್ಟ ಹಳೆಯ ಕೀಸುಳಿ ಹೊದಿಕೆಯ ಮೇಲಿದೆ, ಅಜ್ಜನ ಎರಡೂ ಕೈ ಅದರ ಮೇಲಿವೆ. ಮರ ಕೀಸಿ ಕೀಸಿ ಹಿಡಿಯೇ ಅವರ ಅಂಗೈಯ ಅಚ್ಚಾಗಿಬಿಟ್ಟಿದೆ.

ಸಿಸ್ಟರ್ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂಡಿಸಿ ತಲೆ ಬಗ್ಗಿಸುತ್ತಾರೆ. ಗುಂಡಿಗೆ ಸಿಕ್ಕಿಸಿದ ಉದ್ದನೆಯ ತಂತಿಯ ತುದಿ ಮೇಸ್ತ್ರಿಯ ಕೈಯಲ್ಲಿದೆ. ಪಕ್ಕದಲ್ಲಿ ನಿಂತ ಟೈಲರಮ್ಮ ಚಪ್ಪಲಿ ಬಿಟ್ಟು, ಬರಿಗಾಲನ್ನು ಗಂಡನ ಬರಿಗಾಲಿನ ಮೇಲಿಡುತ್ತಾರೆ.

ಅಜ್ಜನ ಕಣ್ಣು ಚುರುಕಾಗಿದೆ. “ಏನಮ್ಮ, ಆಸ್ಪತ್ರೇಲೂ ಗಂಡನ ಕಾಲು ತುಳಿಯೋದಾ?”

“ಮನೇಲಿ ತುಳಿದರೆ ಇವರಿಗೆ ಲೆಕ್ಕಕ್ಕೇ ಇಲ್ಲ ಅಜ್ಜ.”

“ನನ್ನವಳೂ ಹಾಗೇ ಇದ್ದಳು,” ಎಂದು ಅಜ್ಜ ಉಸಿರೆಳೆದುಕೊಳ್ಳುತ್ತಾರೆ. “ಬೇಗ ತುಳಿಸಿಕೊಳ್ಳಪ್ಪ. ಆಮೇಲೆ ಸಿಗೋದಿಲ್ಲ.”

“ಅಲುಗಾಡಬೇಡಿ ಅಜ್ಜ,” ಸಿಸ್ಟರ್ ಮೆಲ್ಲಗೆ ಹೇಳುತ್ತಾರೆ.

“ಅಲುಗಾಡೋಕೆ ಏನು ಉಳಿದಿದೆ ಮಗಳೇ?”

ಕಾಲು ತುಳಿಯುತ್ತದೆ: ಒಂದು, ಎರಡು. ಆ ತಾಳಕ್ಕೆ ಮೇಸ್ತ್ರಿಯ ಬೆರಳು ತಂತಿಯ ತುದಿಯನ್ನು ಒತ್ತುತ್ತದೆ, ಬಿಡುತ್ತದೆ. ಮೊದಲು ಡಿಜಿಟಲ್ ಡಬ್ಬಿಯಲ್ಲಿ ಮೂರು. ಸಿಸ್ಟರ್ ಪರದೆ ನೋಡಿ, ನೀರು ತುಂಬಿದ ಕಣ್ಣಿನಲ್ಲೇ ತಲೆಯಾಡಿಸುತ್ತಾರೆ. ಮೂರರಲ್ಲೂ ಒಂದೇ ಬೆಳಕು. ಆಮೇಲೆ ಫಿಲಂ ಡಬ್ಬಿ. ಹನ್ನೆರಡೂ ಚಿತ್ರ ಮುಗಿಯುವವರೆಗೆ ಎಲ್ಲರೂ ಪ್ರಾರ್ಥನೆಯ ಹೊತ್ತಿನಲ್ಲಿ ಮನುಷ್ಯರು ಹೇಗೆ ನಿಲ್ಲುತ್ತಾರೋ ಹಾಗೆ ನಿಂತಿದ್ದಾರೆ. ಒಬ್ಬರು ತಲೆ ಬಗ್ಗಿಸಿ, ಇಬ್ಬರು ಒಬ್ಬರ ಕಾಲ ಮೇಲೊಬ್ಬರು ಕಾಲಿಟ್ಟು. ಮಗಳು ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಒಳಗೆ ಬಾರದ ಹಾಗೆ.

ಬಡಗಿ ಅಜ್ಜ ಮರುದಿನ ಬೆಳಿಗ್ಗೆ ಹೋದರು. ಕಿಟಕಿಯ ಬೆಳಕು ಅವರ ಮಂಚದ ಮೇಲೆ ಬೀಳುವ ಮೊದಲೇ.

ವಾರ ಕಳೆದಿದೆ. ಸಿಸ್ಟರ್ ಅಜ್ಜನ ಮಗಳಿಗೊಂದು, ಮೇಸ್ತ್ರಿಗೊಂದು ಪ್ರಿಂಟು ಮಾಡಿಸಿದ್ದಾರೆ. ಚೌಕದೊಳಗೆ ಅಜ್ಜ, ಕೈಕೆಳಗೆ ಕೀಸುಳಿ. ಮುಖ ಸೊರಗಿದೆ, ನಿಜ. ಆದರೆ ಕೈಗಳು ರೋಗಿಯ ಕೈಗಳಲ್ಲ. ಈಗಷ್ಟೇ ಹಲಗೆಯೊಂದನ್ನು ನುಣುಪು ಮಾಡಿ, ಮುಂದಿನದಕ್ಕೆ ಕಾಯುತ್ತಿರುವ ಕೈಗಳು. ಮೇಸ್ತ್ರಿ ಪ್ರಿಂಟನ್ನು ಬಹಳ ಹೊತ್ತು ನೋಡಿ, “ಬೆಳಕು ಸರಿಯಾಗಿ ಬಿದ್ದಿದೆ,” ಎನ್ನುತ್ತಾರೆ. ಅಷ್ಟೇ.

ಕಪ್ಪು ತುಂಡನ್ನು ಇನ್ನಾದರೂ ಮೊಳೆಯಿಂದ ತೆಗೆಯಬಹುದಲ್ಲ ಎಂದರೆ, ಅವರು ಬೇಸರವಿಲ್ಲದೆ, ಮಗುವಿಗೆ ಹೇಳುವಂತೆ ಹೇಳುತ್ತಾರೆ: “ಇದು ಸರಿ ಬಂತು ಅಂತ ಅದು ಸರಿ ಆಗುತ್ತಾ? ಆ ತಾಯಿಗೆ ಇನ್ನೊಂದು ಮುಖ ಎಲ್ಲಿಂದ ತರಲಿ?” ಸಿಸ್ಟರ್ ಅವರ ಕ್ಯಾಮೆರಾದಲ್ಲಿ ಒಂದು ಸೆಕೆಂಡಿನ ಅಂಕಿಯ ಮೇಲೆ ಕೆಂಪು ಬಣ್ಣದ ಬೊಟ್ಟು ಇಟ್ಟುಕೊಟ್ಟಿದ್ದಾರೆ, ಇದನ್ನು ನಂಬಬೇಡಿ ಎಂದು. ಆ ಆಸ್ಪತ್ರೆಯಿಂದ ಕರೆ ಬಂದಾಗ ಈಗ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಕರೆ ಬಾರದಿರಲಿ ಎಂದೂ ಬೇಡಿಕೊಳ್ಳುತ್ತಾರೆ.

ಬೀದಿ ಎದ್ದಿದೆ. ಗ್ಯಾರೇಜಿನ ಬಾಗಿಲು ಮೇಲೆ ಹೋಗಿದೆ. ಇನ್ನು ಕಿವಿಯ ಕೆಲಸವಿಲ್ಲ. ಟೈಲರಮ್ಮ ತಮ್ಮ ತುದಿಗೆ ಹೋಗಿ ಯಂತ್ರ ತುಳಿಯತೊಡಗುತ್ತಾರೆ. ಆ ಮೋಸದ ನಂತರ ಹಲಗೆಯನ್ನು ನಡುವೆ ಕೊಯ್ಸಿ ಬೇರೆ ಮಾಡೋಣ ಎಂದು ಅವರೇ ಹೇಳಿದ್ದರಂತೆ, ಮೇಸ್ತ್ರಿ ಒಪ್ಪಲಿಲ್ಲ. ಯಾಕೆ ಎಂದು ಕೇಳಿದರೆ, ಅವರು ಅಂಗೈಯನ್ನು ಹಲಗೆಯ ಮೇಲೆ ಬಿಡಿಸಿ ಇಡುತ್ತಾರೆ.

“ಇದು ನಡುಗ್ತಾ ಇದ್ದರೆ ಅವಳು ಇದಾಳೆ ಅಂತ. ನಾಳೆ ಪೂರ್ತಿ ಕಿವುಡಾದರೂ ಇಷ್ಟು ಉಳಿಯುತ್ತಲ್ಲ. ದೇವರಲ್ಲಿ ಕೇಳೋದು ಒಂದೇ. ನನ್ನ ಕೈಗಿಂತ ಅವಳ ಕಿವಿ ಒಂದು ದಿನ ಹೆಚ್ಚು ಬಾಳಲಿ.”

ಮಧ್ಯಾಹ್ನ ಆ ತುದಿಯಿಂದ ಟೈಲರಮ್ಮ, ಯಂತ್ರ ತುಳಿಯುತ್ತಲೇ, ಊಟಕ್ಕೆ ಕರೆಯುತ್ತಿದ್ದಾರೆ. ಒಮ್ಮೆ, ಎರಡನೆಯ ಸಲ. ಮೇಸ್ತ್ರಿ ಲೆನ್ಸಿನೊಳಗೆ ಕಣ್ಣಿಟ್ಟೇ ಇದ್ದಾರೆ. ಟೈಲರಮ್ಮ ಮತ್ತೆ ಕರೆಯುವುದಿಲ್ಲ. ಯಂತ್ರದ ಮೇಲಿಂದ ಕಾಲು ತೆಗೆಯುತ್ತಾರೆ.

ಹಲಗೆ ಸುಮ್ಮನಾಗುತ್ತದೆ. ಮೇಸ್ತ್ರಿ ಬೆಚ್ಚಿ ತಲೆಯೆತ್ತಿ ಆ ತುದಿಯತ್ತ ನೋಡುತ್ತಾರೆ.